ದೊಡ್ಡಪತ್ರೆ ರಸ ಕೊನೆಗೂ ಕೈಹಿಡಿಯಿತು

ಮಗನಿಗೆ ಆಗ 4 ವರ್ಷ. ಮಳೆ ಹಿಡಿಯಿತು ಅಂದರೆ ರಾತ್ರಿಯಿಡೀ ಕೆಮ್ಮು. ಡಾಕ್ಟರ್ ಫೀಸು, ಸಿರಪ್ಪು ಸೇರಿ ಒಂದು ಸಲಕ್ಕೆ 500 ರೂಪಾಯಿ ಹತ್ತಿರ ಹೋಗುತ್ತಿತ್ತು. ಆ ಮಳೆಗಾಲ ಒಂದರಲ್ಲೇ ಏಳೆಂಟು ಸಲ ಹೋಗಿದ್ದೆವು. ದೊಡ್ಡಪತ್ರೆ ರಸ ಕೊಡುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ‘ತಂಬುಳಿಗೆ, ಬಜ್ಜಿಗೆ ಸರಿ, ಕೆಮ್ಮಿಗೆ ಅದೇನು ಮಾಡುತ್ತೆ’ ಅಂದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು.

ಗಿಡದಲ್ಲೇ ಎಡವಿದ್ದೆ. ನರ್ಸರಿಯಿಂದ 40 ರೂಪಾಯಿಗೆ ತಂದ ಗಿಡ ಜಡಿಮಳೆಗೆ ಬುಡ ಕೊಳೆತು ಹೋಯಿತು. ಎರಡನೆಯದೂ ಅಷ್ಟೇ. ಮೂರನೆಯದನ್ನು ಸೂರಿನ ಕೆಳಗೆ ನೆರಳಲ್ಲಿಟ್ಟೆ. ಬದುಕಿತು, ಆದರೆ ಎಲೆ ತೆಳು, ಘಾಟೇ ಇಲ್ಲ. ಆ ಓಮದ ಘಾಟಿಲ್ಲದ ಮೇಲೆ ಅದು ಸುಮ್ನೆ ಸೊಪ್ಪು, ಅಲ್ವಾ? ಕೊನೆಗೆ ಒಡೆದ ಬಕೆಟ್ಟಿಗೆ ಅರ್ಧಕ್ಕರ್ಧ ಮರಳು ಹಾಕಿ, ಅದೇ ಗಿಡದ ಕಡ್ಡಿ ಚುಚ್ಚಿ, ಬಿಸಿಲು ಬೀಳುವ ಕಡೆ ಇಟ್ಟೆ. ಎಲೆ ದಪ್ಪವಾಗಿ, ಮುಟ್ಟಿದರೆ ಕೈಯೆಲ್ಲ ಘಮ್ ಅನ್ನುವಂತೆ ಬಂತು.

ರಸ ತೆಗೆಯುವುದರಲ್ಲಿ ಇನ್ನೂ ಜಾಸ್ತಿ ಕೆಟ್ಟಿದ್ದೆ. ತೊಳೆದ ಎಲೆಯನ್ನು ಹಾಗೇ ಕಾವಲಿಗೆ ಹಾಕಿದರೆ ಬೆಂದು ನೀರುನೀರು. ಉರಿ ಜೋರಾದರೆ ಸೀದು ಕಹಿ. ಮಿಕ್ಸಿಗೆ ಹಾಕಿ ಹಿಂಡಿ ಎರಡು ಚಮಚ ಕುಡಿಸಿದ ದಿನ ಮಗು ಪೂರ್ತಿ ವಾಂತಿ ಮಾಡಿಕೊಂಡಿತು. ಅವತ್ತು ಕೇಳಿದ ಮಾತು ಇನ್ನೂ ನೆನಪಿದೆ.

ಈಗ ಮಾಡುವುದು ಹೀಗೆ. ಗಿಡಕ್ಕೆ ಎರಡು ದಿನ ನೀರು ಹಾಕುವುದಿಲ್ಲ. ಆರೇಳು ದಪ್ಪ ಎಲೆ ಕಿತ್ತು, ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸುತ್ತೇನೆ. ಕಬ್ಬಿಣದ ಕಾವಲಿ ಕಾದ ಮೇಲೆ ಒಲೆ ಆರಿಸಿ, ಆ ಕಾವಿನಲ್ಲೇ ಬಾಡಿಸುತ್ತೇನೆ. ಎಲೆಯ ಜೊತೆ ಕಾವಲಿಗೆ ಇನ್ನೊಂದು ಚಿಟಿಕೆ ಸಾಮಾನು ಬೀಳುತ್ತದೆ. ಅದು ನಮ್ಮಜ್ಜಿಯ ಗುಟ್ಟು, ಇಲ್ಲಿ ಹೇಳುವುದಿಲ್ಲ. ಹಿಂಡಿದರೆ ಒಂದು ಚಮಚದಷ್ಟು ರಸ. ಅದರಲ್ಲಿ ಅರ್ಧ ಮಾತ್ರ, ಜೇನು ಬೆರೆಸಿ, ರಾತ್ರಿ ಊಟದ ಮೇಲೆ. ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಉಸಿರು ಸುಂಯ್ ಅಂದರೆ ಎಲೆ ಹುಡುಕುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಓಡಿ.

ಹೀಗೆ ಕೊಡಲು ಶುರು ಮಾಡಿದ ಮೂರನೇ ರಾತ್ರಿ ಮಗ ಬೆಳಗಿನವರೆಗೂ ನಿದ್ದೆ ಮಾಡಿದ. ರಸ ಸರಿಹೋದ ಆ ವರ್ಷದ ಮಳೆಗಾಲದಲ್ಲಿ ಆಸ್ಪತ್ರೆಗೆ ಹೋದದ್ದು ಎರಡೇ ಸಲ, ಅದೂ ಜ್ವರಕ್ಕೆ. ಬೇಡ ಅಂದವರೇ ಈಗ ನೆಗಡಿ ಬಂದರೆ ‘ರಸ ಇದೆಯಾ’ ಅಂತ ಕೇಳುತ್ತಾರೆ.

ಒಮ್ಮೆ ನನಗೇ ಪಿತ್ತದ ಗಂದೆ ಎದ್ದಿತ್ತು. ಎಲೆ ಜಜ್ಜಿ ಮೈಗೆ ಉಜ್ಜಿ ಕಂಬಳಿ ಹೊದ್ದೆ. ಅರ್ಧ ಗಂಟೆಯಲ್ಲಿ ತುರಿಕೆ ಇಳಿಯಿತು.

ಒಣಗಿಸಿ ಪುಡಿ ಮಾಡಿಡೋಣ ಅಂತಲೂ ನೋಡಿದೆ. ಎಲೆಯಲ್ಲಿ ಬರೀ ನೀರು. ಒಂದು ಬುಟ್ಟಿ ಸೊಪ್ಪು ಹತ್ತು ದಿನಕ್ಕೆ ಒಂದು ಹಿಡಿಯಾಯಿತು, ಅದೂ ಕಪ್ಪಗೆ, ವಾಸನೆಯಿಲ್ಲದೆ. ಈ ಸಲ ರಸವನ್ನೇ ಬೆಲ್ಲದ ಪಾಕಕ್ಕೆ ಹಾಕಿ ಎರಡು ಸಣ್ಣ ಬಾಟಲಿ ಮಾಡಿಟ್ಟಿದ್ದೇನೆ. ಹದಿನೈದು ದಿನವಾಯಿತು, ಘಾಟು ಇನ್ನೂ ಇದೆ.