ಒಂದೂವರೆ ಅಡಿ ಟ್ಯಾಂಕ್, ಒಂದೇ ಮ್ಯಾಂಟಿಸ್ ಶ್ರಿಂಪ್

ಮ್ಯಾಂಟಿಸ್ ಶ್ರಿಂಪ್ ಅಂದರೆ ಸೀಗಡಿಯನ್ನು ಹೋಲುವ, ಮುಂದಿನ ಕೈಯಿಂದ ಗುದ್ದಿಯೋ ಚುಚ್ಚಿಯೋ ಬೇಟೆಯಾಡುವ ಕಡಲ ಪ್ರಾಣಿ. ಅದನ್ನು ಸಾಕಬೇಕು ಅಂದರೆ ಮೊದಲು ಮೀನಿನ ಆಸೆ ಬಿಡಬೇಕು. ಜೊತೆಗೆ ಬಿಟ್ಟ ಮೀನು, ಬಸವನಹುಳು, ಏಡಿ ಎಲ್ಲವೂ ಇವತ್ತಲ್ಲ ನಾಳೆ ಅದರ ಹೊಟ್ಟೆಗೇ. ಬೆಂಗಳೂರಿನ ನಮ್ಮ ಮನೆಯ ಟ್ಯಾಂಕಿನಲ್ಲಿರುವುದು ಒಂದೇ ಒಂದು ಪ್ರಾಣಿ. ಇದರಿಂದ ಖರ್ಚೂ ಉಳಿಯಿತು. ಹವಳ ಇಲ್ಲ, ಹಾಗಾಗಿ ದುಬಾರಿ ಲೈಟ್ ಬೇಕಿಲ್ಲ.

ಮನೆಗೆ ಬಂದವರೆಲ್ಲ ಕೇಳುವುದು ಒಂದೇ: "ಗಾಜು ಒಡೆಯಲ್ವಾ?" ಒಡೆದದ್ದು ಉಂಟು. 1998ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನ ಅಕ್ವೇರಿಯಂನಲ್ಲಿ ಟೈಸನ್ ಎಂಬ ಮ್ಯಾಂಟಿಸ್ ಗಾಜು ಒಡೆದು ಸುದ್ದಿಯಾಗಿತ್ತು. ಅದು ಪೀಕಾಕ್ ಜಾತಿಯದು. ಫೋಟೋಗಳಲ್ಲಿ ಕಾಣುವ ಹಸಿರು, ಕೆಂಪು, ನೀಲಿ ಬಣ್ಣದ ಸುಂದರಾಂಗ ಅದೇ. 15 ಸೆಂ.ಮೀ. ದಾಟಿ ಬೆಳೆಯುತ್ತದೆ. ಅದರ ಗುದ್ದಿನ ವೇಗ ಸೆಕೆಂಡಿಗೆ 23 ಮೀಟರ್‌ವರೆಗೂ ಹೋಗುತ್ತದೆ. ಸಣ್ಣ ಟ್ಯಾಂಕಿಗೆ ಅದು ಬೇಡವೇ ಬೇಡ. ನಾನು ತಂದದ್ದು ಗೊನೊಡ್ಯಾಕ್ಟಿಲಸ್ ಸ್ಮಿಥಿ. ಗುದ್ದುವ ಜಾತಿಯೇ, ಆದರೆ ಆರೇಳು ಸೆಂ.ಮೀ. ಅಷ್ಟೇ. ಗುದ್ದುವ ಕೈಯ ಒಳಮೈಯಲ್ಲಿ ಈ ಜಾತಿಯ ಗುರುತಾದ ನೇರಳೆ ಬಣ್ಣದ ಚುಕ್ಕೆ ಇದೆಯಾ ಎಂದು ಅಂಗಡಿಯಲ್ಲೇ ಟಾರ್ಚ್ ಬಿಟ್ಟು ನೋಡಿ ತಂದೆ.

"ಮಲ್ಪೆಯಿಂದ ತಂದರೆ ಆಗಲ್ವಾ, ಅಲ್ಲಿ ಬಲೆಗೆ ರಾಶಿ ಬೀಳುತ್ತೆ" ಅಂತಲೂ ಕೇಳುತ್ತಾರೆ. ಅಲ್ಲಿ ಟ್ರಾಲ್ ಬಲೆಗೆ ಬೀಳುವುದು ಹೆಚ್ಚಾಗಿ ಚುಚ್ಚಿ ಹಿಡಿಯುವ ಜಾತಿ. ಕೆಸರಿನಲ್ಲಿ ಬಿಲ ತೋಡುವಂಥದ್ದು. ಮೇಲೆ ಬರುವಷ್ಟರಲ್ಲಿ ಜಜ್ಜಿ ಹೋಗಿರುತ್ತದೆ. ಕಲ್ಲು ಜೋಡಿಸಿದ ಟ್ಯಾಂಕ್ ಅದಕ್ಕೆ ಮನೆಯೇ ಅಲ್ಲ.

ಟ್ಯಾಂಕ್ ಅಳತೆ 45, 30, 30 ಸೆಂ.ಮೀ. ಕಲ್ಲು, ಮರಳು ಕಳೆದರೆ ಸುಮಾರು 35 ಲೀಟರ್ ನೀರು. ತಳದಲ್ಲಿ ಒಂದು ಅಕ್ರಿಲಿಕ್ ಹಾಳೆ ಹಾಕಿ ಅದರ ಮೇಲೆ ಅರಗೊನೈಟ್ (ಸುಣ್ಣದ ಖನಿಜ) ಮರಳು ಸುರಿದೆ. ಚಿಕ್ಕ ಜಾತಿಯಾದರೂ ಮರಳು ಅಗೆದು ತಳಕ್ಕೆ ಗುದ್ದುವುದು ಅದರ ಅಭ್ಯಾಸ. ಕಲ್ಲಿಗೆ ಒಣ ಸೆರಾಮಿಕ್ ಕಲ್ಲು ಸಾಕು. ಸಮುದ್ರದಿಂದ ಹವಳದ ಕಲ್ಲು ತೆಗೆದು ತರುವ ಯೋಚನೆ ಬಿಡಿ. ಹವಳ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ.

ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಬಿಲದ ಬಗ್ಗೆ. ಬಿಲ ಸರಿಯಿಲ್ಲದಿದ್ದರೆ ಈ ಪ್ರಾಣಿ ಹೊರಗೆ ಮುಖ ತೋರಿಸುವುದಿಲ್ಲ, ಸರಿಯಾಗಿ ತಿನ್ನುವುದೂ ಇಲ್ಲ. ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನು ಪ್ರಾಣಿಯ ಉದ್ದದ ಎರಡು ಪಟ್ಟು ಕತ್ತರಿಸಿ, ಅಂಚು ಉಜ್ಜಿ, ಮರಳಿನಲ್ಲಿ ಅರ್ಧ ಹೂತು ಮೇಲೆ ಕಲ್ಲು ಇಟ್ಟೆ. ಎರಡೂ ಕಡೆ ಬಾಯಿ ತೆರೆದಿರಬೇಕು. ಒಂದು ಬಾಯಿ ಮುಂದಿನ ಗಾಜಿನ ಕಡೆಗೆ ಇದ್ದರೆ ನಮಗೂ ನೋಡಲು ಸಿಗುತ್ತದೆ. ಜೊತೆಗೆ ಒಂದು ಹಿಡಿ ಕಲ್ಲುಚೂರು, ಒಡೆದ ಚಿಪ್ಪು, ಬೇರೆ ಬೇರೆ ಗಾತ್ರದವು. ಬಿಲದ ಬಾಗಿಲಿಗೆ ಅದೇ ಸಾಮಾನು. ಒಂದು ಚೂರನ್ನು ಬಾಯಿ ಹತ್ತಿರದ ಸಣ್ಣ ಕಾಲುಗಳಲ್ಲಿ ಅವುಚಿ ಹಿಡಿದು, ಮೇಸ್ತ್ರಿ ಕಲ್ಲು ತಿರುಗಿಸಿ ನೋಡುವ ಹಾಗೆ ತಿರುಗಿಸಿ, ಕೂರದಿದ್ದರೆ ಎಸೆದು ಇನ್ನೊಂದು ತರುತ್ತದೆ. ಕಣ್ಣು ಎರಡೂ ಬೇರೆ ಬೇರೆ ಕಡೆ ತಿರುಗುತ್ತಿರುತ್ತವೆ. ಒಂದು ನನ್ನ ಮೇಲೆ, ಒಂದು ಕೆಲಸದ ಮೇಲೆ.

ನೀರಿನ ವಿಷಯದಲ್ಲಿ ಸೋಮಾರಿತನ ನಡೆಯುವುದಿಲ್ಲ. ಬೋರ್‌ವೆಲ್ ನೀರೂ ಬೇಡ, ನಲ್ಲಿ ನೀರೂ ಬೇಡ. ಅಡುಗೆಮನೆಯ ಪ್ಯೂರಿಫೈಯರ್ ಬಗ್ಗೆ ಇನ್ನೂ ಹುಷಾರು. ಆರೋಗ್ಯಕ್ಕೆ ಒಳ್ಳೆಯದು ಅಂತ ತಾಮ್ರ ಸೇರಿಸುವ ಮಾಡೆಲ್‌ಗಳು ಈಗ ಬಹಳ ಬಂದಿವೆ, ತಾಮ್ರ ಇವಕ್ಕೆ ವಿಷ. ಮೀನಿನ ಔಷಧಿಗಳಲ್ಲೂ ತಾಮ್ರ ಇರುತ್ತದೆ, ಟ್ಯಾಂಕಿಗೆ ತೋರಿಸಲೂ ಬೇಡಿ. ನಾನು ನೀರಿನಲ್ಲಿ ಕರಗಿದ್ದನ್ನೆಲ್ಲ ತೆಗೆಯುವ ಆರ್‌ಒ ಡಿಐ ಫಿಲ್ಟರ್ ಇಟ್ಟು, ಟಿಡಿಎಸ್ (ಕರಗಿದ ಲವಣಾಂಶ) ಸೊನ್ನೆ ನೋಡಿ, ಅಕ್ವೇರಿಯಂ ಉಪ್ಪು ಬೆರೆಸುತ್ತೇನೆ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಅದು ಲೀಟರಿಗೆ ಸುಮಾರು 35 ಗ್ರಾಂ, ಅಂದರೆ ಸಾಪೇಕ್ಷ ಸಾಂದ್ರತೆ 1.025ರ ಹತ್ತಿರ ಬರಬೇಕು. ಬೆರೆಸಿದ್ದನ್ನು ರಾತ್ರಿಯಿಡೀ ಪಂಪ್ ಹಾಕಿ ತಿರುಗಿಸಿದ ಮೇಲೆಯೇ ಟ್ಯಾಂಕಿಗೆ.

ನಂತರ ಕಾಯುವ ಕೆಲಸ. ಖಾಲಿ ಟ್ಯಾಂಕಿಗೆ ಒಂದು ಚೂರು ಸೀಗಡಿ ಹಾಕಿ ಕೊಳೆಯಲು ಬಿಟ್ಟೆ. ವಿಷವಾದ ಅಮೋನಿಯಾ ಏರಿ, ಬ್ಯಾಕ್ಟೀರಿಯಾ ಬೆಳೆದು ಅದು ನೈಟ್ರೈಟ್ ಆಗಿ, ಕೊನೆಗೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೊದಲೆರಡೂ ಸೊನ್ನೆಗೆ ಬಂದು ನಿಂತ ಮೇಲೆಯೇ ಪ್ರಾಣಿ ತಂದೆ. ಈಗ ವಾರಕ್ಕೆ ನಾಲ್ಕು ಲೀಟರ್ ನೀರು ಬದಲಾವಣೆ, ಟ್ಯಾಂಕಿನ ಅಂಚಿಗೆ ನೇತುಹಾಕುವ ಒಂದು ಹ್ಯಾಂಗ್ ಆನ್ ಫಿಲ್ಟರ್. ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್.

ಬೇಸಿಗೆಯಲ್ಲಿ ನೀರು 28 ಡಿಗ್ರಿ ದಾಟಲು ಶುರುವಾದರೆ ಮೇಲ್ಮೈಗೆ ಸಣ್ಣ ಫ್ಯಾನ್ ಹಾಕುತ್ತೇನೆ. ಬೆಂಗಳೂರಿನ ಒಣ ಗಾಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ಸೆಕೆಯಲ್ಲಿ ಅಷ್ಟು ಲಾಭ ಸಿಗುವುದಿಲ್ಲ.

ಊಟ ಎರಡು ಮೂರು ದಿನಕ್ಕೊಮ್ಮೆ. ಮೀನು ಮಾರ್ಕೆಟ್ಟಿನ ಮರುವಾಯಿ ಅದಕ್ಕೆ ಪಂಚಪ್ರಾಣ. ತಂದು ತೊಳೆದು ಫ್ರೀಜರಿನಲ್ಲಿಟ್ಟು, ಬೇಕಾದಾಗ ಒಂದು ಚಿಕ್ಕದನ್ನು ಚಿಪ್ಪಿನ ಸಮೇತ ಉದ್ದ ಇಕ್ಕಳದಲ್ಲಿ ಕೊಡುತ್ತೇನೆ. ಬರಿಗೈ ಹಾಕುವುದಿಲ್ಲ, ಬೆರಳು ಸೀಳುವಷ್ಟು ಪೆಟ್ಟು ಅದು. ಮೊದಲು ಮೀಸೆಯಿಂದ ತಡವಿ ನೋಡುತ್ತದೆ. ತಿರುಗಿಸಿ ಅಂಚು ಹುಡುಕುತ್ತದೆ. ಆಮೇಲೆ ಟಕ್, ಟಕ್. ಪಕ್ಕದ ರೂಮಿಗೂ ಕೇಳಿಸುತ್ತದೆ. ಮೆತ್ತಗಿನ ಸೀಗಡಿ ತುಂಡು ಮಾತ್ರ ಕೊಡುತ್ತಾ ಹೋದರೆ ಅದಕ್ಕೆ ಕೆಲಸವೇ ಇರುವುದಿಲ್ಲ. ಬೂತಾಯಿಯಂಥ ಎಣ್ಣೆ ಮೀನು ಹಾಕಿದರೆ ನೀರು ಕೆಡುತ್ತದೆ. ಉಳಿದದ್ದನ್ನು ಅದೇ ದಿನ ತೆಗೆಯಬೇಕು.

ಒಂದು ದಿನ ಬಿಲದ ಎರಡೂ ಬಾಯಿ ಮುಚ್ಚಿರುತ್ತವೆ. ವಾರಗಟ್ಟಲೆ ಸುಳಿವಿಲ್ಲ. ಸತ್ತಿತು ಅಂತ ಕಲ್ಲು ಕಿತ್ತು ನೋಡಲು ಹೋಗಬೇಡಿ, ಪೊರೆ ಬಿಡುತ್ತಿರುತ್ತದೆ. ಆಗ ಅದರ ಮೈಯೂ ಗುದ್ದುವ ಕೈಯೂ ಮೆತ್ತಗೆ. ಅಮೋನಿಯಾ ಸೊನ್ನೆ ಇದೆಯಾ, ಅಷ್ಟು ನೋಡಿ ಸುಮ್ನೆ ಇರಬೇಕು.

ಊರಿಗೆ ಹೋಗುವಾಗ ನಾಲ್ಕೈದು ದಿನ ಊಟ ಇಲ್ಲದಿದ್ದರೂ ನಡೆಯುತ್ತದೆ, ನೀರು ಆವಿಯಾಗುವುದೇ ತಲೆನೋವು. 35 ಲೀಟರಿನಲ್ಲಿ ಒಂದು ಲೀಟರ್ ಆರಿದರೆ ಉಪ್ಪಿನಂಶ 35ರಿಂದ 36ಕ್ಕೆ ಏರುತ್ತದೆ, ಏಕೆಂದರೆ ಆರುವುದು ನೀರು ಮಾತ್ರ. ತುಂಬಿಸಬೇಕಾದ್ದೂ ಸಿಹಿನೀರೇ. ಗಾಜಿನ ಮೇಲೆ ಮಾರ್ಕರ್ ಗೆರೆ ಎಳೆದು, ಆರ್‌ಒ ಬಾಟಲಿಗಳನ್ನು ಪಕ್ಕದಲ್ಲಿಟ್ಟು, ಗೆರೆ ಮುಟ್ಟುವಷ್ಟು ಹಾಕಿ ಎಂದು ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತೇನೆ. ಉಪ್ಪಿನ ಡಬ್ಬ ಮಾತ್ರ ಅಟ್ಟದ ಮೇಲೆ.