ಗುಂಯ್ ಅನ್ನುವ ಬೇಸ್ ಗಿಟಾರು, ಒಂದು ಗೇಣು ವೈರು

ನಾಲ್ಕೂವರೆ ಸಾವಿರ ಕೊಟ್ಟು ಬೆಂಗಳೂರಿನಿಂದ ನನ್ನ ಬೇಸ್ ಗಿಟಾರಿಗೆ ಹೊಸ ಪಿಕಪ್ (ತಂತಿಯ ಕಂಪನವನ್ನು ಕರೆಂಟಾಗಿಸುವ ಅಯಸ್ಕಾಂತ-ಸುರುಳಿ) ತರಿಸಿ, ರಾತ್ರಿ ಹನ್ನೊಂದರ ತನಕ ಕೂತು ಬೆಸುಗೆ ಹಾಕಿ, ಆಂಪ್ಲಿಫೈಯರ್ ಆನ್ ಮಾಡಿದೆ. ಗುಂಯ್! ಹಳೇ ಪಿಕಪ್ಪಿನಲ್ಲಿ ಹೇಗಿತ್ತೋ ಹಾಗೇ, ಒಂದು ಚೂರೂ ಕಡಿಮೆ ಇಲ್ಲ. ಒಳಗಿನ ಕೋಣೆಯಿಂದ ಅಮ್ಮ, "ಮಿಕ್ಸಿ ಯಾಕೋ ಹಚ್ಚಿದ್ದೀಯ ಇಷ್ಟೊತ್ನಾಗ?" ಅಂದರು.

ದಾವಣಗೆರೆಯ ರಸಮಂಜರಿ ತಂಡವೊಂದರಲ್ಲಿ ನಾನು ಬೇಸ್ ನುಡಿಸುತ್ತೇನೆ. ಗಣಪತಿ ಹಬ್ಬ, ಜಾತ್ರೆ, ಮದುವೆ ಆರತಕ್ಷತೆ, ಇಷ್ಟೇ. ಗಿಟಾರು ಅಮೆರಿಕದ ಫೆಂಡರ್ ಕಂಪನಿಯ ಪ್ರಿಸಿಷನ್ ಮಾದರಿಯ ನಕಲು, ನನಗಿಂತ ಮುಂಚೆ ಕನಿಷ್ಠ ಇಬ್ಬರ ಕೈ ದಾಟಿ ಬಂದದ್ದು. ಬೇಸ್ ರಿಪೇರಿ ಮಾಡುವವರು ನನಗೆ ಊರಲ್ಲಿ ಸಿಗಲಿಲ್ಲ. ಹಾಗಾಗಿ ಕೈ ಸುಟ್ಟುಕೊಂಡೇ ಕಲಿತೆ.

ಪಿಕಪ್ ಕೊಳ್ಳುವ ಮುಂಚೆ ಸ್ವಲ್ಪ ತಲೆ ಓಡಿಸಿದ್ದರೆ ದುಡ್ಡು ಉಳಿಯುತ್ತಿತ್ತು. ಫೆಂಡರ್‌ನವರು 1951ರಲ್ಲಿ ಪ್ರಿಸಿಷನ್ ತಂದಾಗ ಅದಕ್ಕೆ ಒಂದೇ ಸುರುಳಿಯ ಪಿಕಪ್ ಇತ್ತು. 1957ರಲ್ಲಿ ಅದನ್ನು ಎರಡು ತುಂಡು ಮಾಡಿದರು. ಒಂದು ತುಂಡು ಎರಡು ದಪ್ಪ ತಂತಿಗೆ, ಇನ್ನೊಂದು ಎರಡು ಸಣ್ಣ ತಂತಿಗೆ. ಒಂದರ ಸುತ್ತು ಇನ್ನೊಂದಕ್ಕೆ ಉಲ್ಟಾ, ಅಯಸ್ಕಾಂತವೂ ಉಲ್ಟಾ. ತಂತಿಯ ದನಿ ಕೂಡಿಕೊಳ್ಳುತ್ತದೆ, ಹೊರಗಿನಿಂದ ನುಸುಳಿದ ಕರೆಂಟಿನ ಗುಂಯ್ ಕಳೆದು ಹೋಗುತ್ತದೆ. ಅಂದರೆ ಈ ಮಾದರಿಯಲ್ಲಿ ಜೋರಾಗಿ ಗುಂಯ್ ಅಂದರೆ ಮೊದಲ ಅನುಮಾನ ಬೀಳಬೇಕಾದ್ದು ಅರ್ತಿಂಗ್ ಮೇಲೆ. ನಾನು ದುಬಾರಿ ವಸ್ತುವಿನ ಮೇಲೇ ಅನುಮಾನಪಟ್ಟೆ.

ನಮ್ಮ ಕರೆಂಟು 50 ಹರ್ಟ್ಜ್. ಅದರ ದುಪ್ಪಟ್ಟು 100. ಬೇಸಿನ ಜಿ ತಂತಿಯನ್ನು ಒತ್ತದೆ ಮೀಟಿದರೆ 98. ಹೀಗೆ ಪಕ್ಕಪಕ್ಕದಲ್ಲೇ ನಿಂತು ಎರಡೂ ಜಗಳವಾಡುತ್ತವೆ, ನಿಧಾನದ ಹಾಡಿನಲ್ಲಂತೂ ಶ್ರುತಿ ತಪ್ಪಿದ ಹಾಗೇ ಕೇಳುತ್ತದೆ.

ಮರುದಿನ ಬೆಳಿಗ್ಗೆ ತಂತಿ ಮುಟ್ಟಿ ನೋಡಿದೆ, ಗುಂಯ್ ಹಾಗೇ ಇತ್ತು. ಕೇಬಲ್ ಚುಚ್ಚುವ ಜಾಕಿನ ಲೋಹ ಮುಟ್ಟಿದೆ, ಥಟ್ಟನೆ ನಿಂತಿತು. ಅಲ್ಲಿಗೆ ವಿಷಯ ಗೊತ್ತಾಯಿತು. ಅರ್ತಿಂಗ್ ಜಾಕಿನ ತನಕ ಬಂದಿದೆ, ತಂತಿಗಳನ್ನು ಮುಟ್ಟಿಲ್ಲ. ದನಿ ಏರಿಸಿ ಇಳಿಸುವ ಗುಂಡಿಯ ಕೆಳಗಿನ ವಾಲ್ಯೂಮ್ ಪಾಟ್‌ನ ಬೆನ್ನಿನಿಂದ ಒಂದು ವೈರು ಮರದೊಳಗಿನ ತೂತಿನಲ್ಲಿ ಹಾದು, ತಂತಿಗಳ ಬುಡ ಕೂರುವ ಲೋಹದ ಬ್ರಿಜ್ ಕೆಳಗೆ ಬಂದು ಕೂರಬೇಕು. ಬ್ರಿಜ್‌ನ ಐದು ಸ್ಕ್ರೂ ಬಿಚ್ಚಿದೆ. ವೈರಿನ ತುದಿ ಹಸಿರು ಕಿಲುಬು ಹಿಡಿದು, ಮುರಿದು, ತೂತಿನೊಳಗೇ ಬಿದ್ದುಕೊಂಡಿತ್ತು. ಬ್ರಿಜ್‌ನ ಅಡಿಗೂ ಯಾರೋ ಪುಣ್ಯಾತ್ಮರು ಪಾಲಿಶ್ ಬಳಿದಿದ್ದರು. ಉಪ್ಪುಕಾಗದದಿಂದ ಅಡಿಯನ್ನು ಹೊಳೆಯುವ ತನಕ ಉಜ್ಜಿ, ಒಂದು ಗೇಣು ಹೊಸ ವೈರು ಎಳೆದು, ಅದರ ಎಳೆಗಳನ್ನು ಬೀಸಣಿಗೆಯಂತೆ ಹರಡಿ ಮೇಲೆ ಬ್ರಿಜ್ ಕೂರಿಸಿದೆ. ಮಲ್ಟಿಮೀಟರಿನ ಒಂದು ಮುಳ್ಳು ತಂತಿಗೆ, ಇನ್ನೊಂದು ಜಾಕಿಗೆ. ಬೀಪ್! ಆ ವೈರಿಗೆ ನಾನು ದುಡ್ಡೇ ಕೊಡಲಿಲ್ಲ, ಹಾಳಾದ ಚಾರ್ಜರಿನಿಂದ ಕಿತ್ತದ್ದು.

ಅದೇ ಹುಮ್ಮಸ್ಸಿನಲ್ಲಿ ಕರಕರ ಅನ್ನುವ ಪಾಟ್ ಬದಲಿಸಲು ಹೋದೆ. ರೇಡಿಯೊ ಬಿಡಿಭಾಗದ ಅಂಗಡಿಯವರು, "ತಗೊಳ್ಳಿ ಸಾರ್, ಎಲ್ಲಾ ಒಂದೇ, ತಿರುಗಿದ್ರೆ ಸಾಕು" ಅಂತ 10ಕೆ (10 ಕಿಲೋಓಮ್) ಕೊಟ್ಟರು. ಹಾಕಿದರೆ ಗಿಟಾರು ಕಂಬಳಿ ಹೊದ್ದು ಮಾತಾಡಿದ ಹಾಗಾಯಿತು. ಬ್ಯಾಟರಿ ಇಲ್ಲದ ಇಂಥ ಪಿಕಪ್ಪಿಗೆ 250ಕೆ ಬೇಕು. ಕಡಿಮೆ ಹಾಕಿದರೆ ದನಿಯೆಲ್ಲ ಅದರ ಮೂಲಕವೇ ಸೋರಿ ಹೋಗುತ್ತದೆ. ಟೋನಿಗೆ ಹಾಕುವ ಕೆಪಾಸಿಟರ್ ಮಾತ್ರ ಎರಡು ರೂಪಾಯಿಯದ್ದೂ ನಡೆಯುತ್ತದೆ, ಮೇಲೆ 473 ಅಂತ ಇದ್ದರೆ ಸಾಕು. ಅದಕ್ಕೆ ಸಾವಿರಗಟ್ಟಲೆ ಸುರಿಯುವವರಿದ್ದಾರೆ, ನನ್ನ ಕಿವಿಗಂತೂ ವ್ಯತ್ಯಾಸ ತಿಳಿದಿಲ್ಲ.

ಇನ್ನು ನಟ್. ಬೋಲ್ಟಿಗೆ ಹಾಕುವುದಲ್ಲ, ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿ. ನನ್ನದರಲ್ಲಿ ದಪ್ಪ ಇ ತಂತಿಯ ಕಚ್ಚು ಸವೆದು, ಒತ್ತದೆ ಮೀಟಿದರೆ ಕತ್ತಿನ ಮೇಲೆ ಅಡ್ಡ ಕೂತ ಲೋಹದ ಗೆರೆಗಳಲ್ಲಿ ಮೊದಲನೆಯದಕ್ಕೆ, ಅಂದರೆ ಮೊದಲ ಫ್ರೆಟ್‌ಗೆ ಬಡಿದು ಜರ್ರ್ ಅನ್ನುತ್ತಿತ್ತು. ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. ಮಿರ್ಚಿ ಹಿಟ್ಟಿಗೆ ಹಾಕುವ ಸೋಡಾವನ್ನು ಕಚ್ಚಿಗೆ ಚಿಟಿಕೆ ತುಂಬಿ, ಮೇಲೆ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಚುರ್ರೆಂದು ಬಿಸಿಯಾಗಿ ಕಲ್ಲಾಗುತ್ತದೆ. ಹೊಗೆ ಕಣ್ಣಿಗೆ ಹೊಡೆಯುತ್ತದೆ, ಮುಖ ಹಿಂದಿಟ್ಟುಕೊಳ್ಳಿ. ಆಮೇಲೆ ಅಕ್ಕಸಾಲಿಗರ ಸಣ್ಣ ಅರದಿಂದ ಹೊಸ ಕಚ್ಚು ಕೊರೆಯಬೇಕು, ಬಿರಡೆ ಕಡೆಗೆ ಸ್ವಲ್ಪ ಇಳಿಜಾರಾಗಿ. ಆಳ ನೋಡುವುದು ಹೀಗೆ: ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದರೆ, ಮೊದಲ ಫ್ರೆಟ್‌ಗೂ ತಂತಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಉಳಿಯಬೇಕು. ನಾನು ಮೊದಲ ಸಲ ಎರಡು ಎಳೆತ ಜಾಸ್ತಿ ಉಜ್ಜಿದೆ. ಮತ್ತೆ ಸೋಡಾ, ಮತ್ತೆ ಹೊಗೆ. ಈ ತೇಪೆ ಆರೇಳು ತಿಂಗಳು ಬಂತು. ಆಮೇಲೆ ಲೇತ್ ಅಂಗಡಿಯ ಚೂರು ಹಿತ್ತಾಳೆಯಲ್ಲಿ ಹೊಸ ನಟ್ಟನ್ನೇ ಮಾಡಿಕೊಂಡೆ.

ಕತ್ತಿನ ಬಾಗು ನಮ್ಮೂರಿನಲ್ಲಿ ವರ್ಷಾವರ್ಷದ ಗೋಳು. ನಾಲ್ಕು ತಂತಿ ಸೇರಿ ಸುಮಾರು 80 ಕಿಲೋ ಎಳೆತ, ಅದಕ್ಕೆ ಎದುರಾಗಿ ಕತ್ತಿನೊಳಗೆ ಒಂದು ಉಕ್ಕಿನ ಸರಳು, ಟ್ರಸ್ ರಾಡ್. ಮಾರ್ಚ್ ಬಿಸಿಲಿಗೆ ಮರ ಒಣಗಿ ಕುಗ್ಗಿದಾಗ ಫ್ರೆಟ್ ತುದಿಗಳು ಹೊರಬಂದು ಅಂಗೈಗೆ ಗರಗಸವಾಗುತ್ತವೆ, ಮಳೆಗಾಲದಲ್ಲಿ ಬಾಗು ಬದಲಾಗುತ್ತದೆ. ಮೊದಲ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದು ಏಳೆಂಟನೇ ಫ್ರೆಟ್ ಹತ್ತಿರದ ಸಂದು ಅಳೆಯುತ್ತೇನೆ. 0.3 ಮಿ.ಮೀ. ಆಸುಪಾಸು ಇದ್ದರೆ ನನಗೆ ಸಾಕು. ಅಳೆಯಲು ಫೀಲರ್ ಗೇಜ್ ಬೇಕು, ಅಂದರೆ ಸಂದಿಗೆ ತೂರಿಸಿ ನೋಡುವ ತೆಳು ಲೋಹದ ಪಟ್ಟಿಗಳ ಕಟ್ಟು. ಬೈಕಿನ ಟ್ಯಾಪೆಟ್ ಅಡ್ಜಸ್ಟ್ ಮಾಡುವ ಗ್ಯಾರೇಜಿನಣ್ಣನನ್ನು ಕೇಳಿದೆ. "ಗಿಟಾರಿಗೂ ಟ್ಯಾಪೆಟ್ ಇರ್ತಾವೇನಪ್ಪಾ?" ಅಂತ ನಕ್ಕೇ ಕೊಟ್ಟ. ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ, ತಿರುಗಿಸಿ ಒಂದು ರಾತ್ರಿ ಬಿಟ್ಟು ನೋಡುತ್ತೇನೆ. ಅದು ಒಳಗೆ ಮುರಿದರೆ ಕತ್ತೇ ಹೋಯಿತು.

ಅರ್ತಿಂಗ್ ಸರಿಯಾದ ಮೇಲೆ ಒಂದು ಹೊಸ ಭಯ ಹುಟ್ಟಿಕೊಂಡಿದೆ. ಈಗ ತಂತಿ ಮುಟ್ಟಿದ ಕೈ ನೇರ ಅರ್ತ್‌ಗೆ ಸೇರಿರುತ್ತದೆ. ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಜನರೇಟರಿನ ವೈರಿಂಗ್ ಎಲ್ಲೋ ಕೆಟ್ಟಿತ್ತು, ಕೋರಸ್ ಹಾಡಲು ಬಗ್ಗಿ ಮೈಕಿಗೆ ತುಟಿ ತಾಗಿಸಿದೆ, ಕಣ್ಣೆದುರು ಬೆಳಕು ಮಿಂಚಿತು. ಈಗ ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡೇ ವೇದಿಕೆ ಹತ್ತುತ್ತೇನೆ. ತಂತಿ ಮುಟ್ಟಿಕೊಂಡು ಟೆಸ್ಟರನ್ನು ಮೈಕಿನ ಜಾಲರಿಗೆ ತಾಗಿಸುತ್ತೇನೆ, ಉರಿದರೆ ಅವತ್ತು ಕೋರಸ್ ಇಲ್ಲ.

ಕಿತ್ತಿಟ್ಟ ಹಳೇ ಪಿಕಪ್ಪನ್ನು ಮೊನ್ನೆ ಮೀಟರಿಗೆ ಹಿಡಿದೆ. ಹತ್ತೂವರೆ ಕಿಲೋಓಮ್, ಗಟ್ಟಿಮುಟ್ಟಾಗಿದೆ. ಅದನ್ನೇ ವಾಪಸು ಹಾಕಿ ನೋಡಿದೆ, ನಮ್ಮ ಡ್ರಮ್ಮರಿಗೆ ಅದರ ದನಿಯೇ ಹಿಡಿಸಿತು. ನಾಲ್ಕೂವರೆ ಸಾವಿರದ್ದು ಈಗ ಬಿಸ್ಕತ್ ಡಬ್ಬಿಯಲ್ಲಿದೆ, ಅಮ್ಮನಿಗೆ ಅದರ ರೇಟು ಇನ್ನೂ ಹೇಳಿಲ್ಲ.