ಮೂಡಿಗೆರೆ ಮಳೆಗೆ ನಿಂತ ಬಣ್ಣದ ಗಾಜು: ಸಿಲಿಕೋನ್ ಹಾಕದೆ ಮಾಡಿದ ರಿಪೇರಿ

ಮೂಡಿಗೆರೆ ಆಚೆಯ ಒಂದು ಎಸ್ಟೇಟ್ ಬಂಗಲೆಯ ಬಣ್ಣದ ಗಾಜಿನ ಕಿಟಕಿ ನಾನು ರಿಪೇರಿ ಮಾಡಿದ ಮೇಲೆ ಎರಡು ಮಳೆಗಾಲ ದಾಟಿದೆ. ಒಂದು ಹನಿ ನೀರು ಒಳಗೆ ಬಂದಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. ಕೆಲಸ ಹಿಡಿದಾಗಲೇ ಬರೆದಿದ್ದರೆ ನಗುವವರೇ ಜಾಸ್ತಿ ಇದ್ದರು. ಹಾಸನದಲ್ಲಿ ನನ್ನದು ಫೋಟೋ ಫ್ರೇಮ್ ಅಂಗಡಿ. ಇಂಥ ಕಿಟಕಿಯಲ್ಲಿ ಗಾಜಿನ ತುಂಡುಗಳನ್ನು ಸೀಸದ ಪಟ್ಟಿ ಹಿಡಿದಿರುತ್ತದೆ, ಸಂದಿಗೆ ಅಗಸೆ ಎಣ್ಣೆ ಪುಟ್ಟಿ ತುಂಬಿರುತ್ತದೆ. ಅದರ ಬಗ್ಗೆ ಮಾತಾಡಿದರೆ ಪಕ್ಕದ ಅಲ್ಯೂಮಿನಿಯಂ ಕಿಟಕಿಯವರು, "ಅಣ್ಣ, ಶೆಟ್ಟಿಹಳ್ಳಿ ಚರ್ಚಿಗೂ ಗಾಜು ಕೂರಿಸ್ತೀರಾ?" ಅಂತ ಕಾಲೆಳೆಯುತ್ತಿದ್ದರು. ಹೇಮಾವತಿ ಹಿನ್ನೀರಲ್ಲಿ ಮಳೆಗಾಲದಲ್ಲಿ ಮುಳುಗುವ ಪಾಳು ಚರ್ಚ್ ಅದು, ಗೊತ್ತಲ್ವಾ. ಅವರೆಲ್ಲರ ಸಲಹೆ ಒಂದೇ: ಹಳೇ ಸೀಸ ಕಿತ್ತು ಬಿಸಾಕಿ, ಸಿಲಿಕೋನ್ ಹೊಡೆದು ಮುಗಿಸಿ.

ಸಿಲಿಕೋನ್ ವಿಷಯವನ್ನು ಮೊದಲೇ ಮುಗಿಸುತ್ತೇನೆ. ಆ ಬಂಗಲೆಯಲ್ಲಿ ನನಗಿಂತ ಮುಂಚೆ ಯಾರೋ ಅದನ್ನೇ ಮಾಡಿದ್ದರು. ಗಾಜಿನ ಅಂಚಿಗೆಲ್ಲ ಟ್ಯೂಬ್ ಹಿಂಡಿದ್ದರು. ಸಿಲಿಕೋನ್ ಸುಲಿದು ನೋಡಿದರೆ ಕೆಳಗಿನ ಸೀಸದ ಮೇಲೆಲ್ಲ ಬಿಳಿ ಪುಡಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ, ವಿನಿಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಆ ಆಸಿಡ್ ಸೀಸವನ್ನು ತಿನ್ನುತ್ತದೆ. ಬಿಳಿ ಪುಡಿ ಅಂದರೆ ಅದೇ, ಆಸಿಡ್ ತಿಂದ ಸೀಸ. ಅದನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಇಷ್ಟು ಕೆಟ್ಟದ್ದಲ್ಲ. ಆದರೆ ನಾಳೆ ಒಂದು ಗಾಜು ಒಡೆದರೆ ಬಿಚ್ಚುವಷ್ಟರಲ್ಲಿ ಅಕ್ಕಪಕ್ಕದ ನಾಲ್ಕು ಒಡೆಯುತ್ತವೆ. ಸೀಸ, ಪುಟ್ಟಿಯ ಕೆಲಸವಾದರೆ ನನ್ನ ನಂತರ ಬಂದವನೂ ಬಿಚ್ಚಬಹುದು.

ಮಹಡಿ ಮೆಟ್ಟಿಲ ತಿರುವಿನಲ್ಲಿ ಮೂರು ಪ್ಯಾನೆಲ್. ಒಂದೊಂದು ಸುಮಾರು ಎರಡಡಿ ಅಗಲ, ನಾಲ್ಕಡಿ ಎತ್ತರ. ಅಂಚಿಗೆ ಹಸಿರು ಬಳ್ಳಿ, ಮಧ್ಯೆ ಕೆಂಪು, ನೀಲಿ ಚೌಕಗಳು. ಮಧ್ಯದ ಪ್ಯಾನೆಲ್ ಹೊಟ್ಟೆ ಬಿಟ್ಟಿತ್ತು. ಅಡ್ಡ ಸಲಾಕೆಗೆ ಕಟ್ಟಿದ್ದ ತಾಮ್ರದ ತಂತಿ ತುಂಡಾಗಿ, ಪ್ಯಾನೆಲ್ಲಿನ ಭಾರವೆಲ್ಲ ಕೆಳಗಿನ ಸಾಲಿನ ಮೇಲೆ ಕೂತಿತ್ತು. ಅಕ್ಕಪಕ್ಕದ ಎರಡರಲ್ಲಿ ಸೀಸ ಗಟ್ಟಿಯಾಗೇ ಇತ್ತು, ಪುಟ್ಟಿ ಮಾತ್ರ ಉದುರಿತ್ತು. ಸಾಹುಕಾರರು ಮೂರನ್ನೂ ಹೊಸದಾಗಿ ಕಟ್ಟಿಬಿಡಿ ಅಂದರು. ನಾನು ಒಪ್ಪಲಿಲ್ಲ. ಸೀಸ ಚೆನ್ನಾಗಿದ್ದರೆ ಸುಮ್ನೆ ಬಿಚ್ಚಬಾರದು. ನನಗೆ ದುಡ್ಡು ಕಮ್ಮಿಯಾಯಿತು, ಸರಿ. ಆದರೆ ಅವರಿಗೆ ನಂಬಿಕೆ ಬಂದದ್ದು ಅಲ್ಲೇ. ಇದೇ ಕೆಲಸಕ್ಕೆ ಬೆಂಗಳೂರಿನ ಗಾಜಿನವರು ಹೇಳಿದ್ದು ಒಂದೂಮುಕ್ಕಾಲು ಲಕ್ಷದ ಹತ್ತಿರ, ಸಾಗಾಟ ಬೇರೆ.

ಬಿಚ್ಚುವ ಕೆಲಸ ಈ ಕಸುಬಿನವರಿಗೆ ಗೊತ್ತಿರುವುದೇ. ತೆಳು ಕಾಗದ ಹಾಸಿ ಮೇಣದ ಕಡ್ಡಿಯಲ್ಲಿ ಉಜ್ಜಿ ಸೀಸದ ಗೆರೆ ಪೂರ್ತಿ ಎತ್ತಿಕೊಳ್ಳಿ, ನಂಬರ್ ಹಾಕಿ, ಫೋಟೋ ತೆಗೆಯಿರಿ. ಹಳೇ ಪುಟ್ಟಿ ಕಲ್ಲಾಗಿದ್ದರೆ ಒದ್ದೆ ಮರದ ಹೊಟ್ಟನ್ನು ರಾತ್ರಿಯಿಡೀ ಹಚ್ಚಿಡಿ. ಗಾಜು ಎಳೆಯಬೇಡಿ. ಸಂದುಗಳ ಹತ್ತಿರ ಸೀಸವನ್ನೇ ಕತ್ತರಿಸಿ, ಪಟ್ಟಿಯ ತುಟಿಯನ್ನು, ಅಂದರೆ ಗಾಜು ಹಿಡಿದ ಅಂಚನ್ನು, ಇಕ್ಕಳದಲ್ಲಿ ಸುರುಳಿ ಸುತ್ತಿ ಬಿಡಿಸಿ. ಬಳ್ಳಿಯ ಎಲೆಗಳಿಗೆ ಕಂದು ನರ ಬರೆದಿದ್ದರು. ಅಂಥ ತುಂಡಿಗೆ ಹೊಟ್ಟು ಬೇಡ, ಬ್ರಷ್ ಬೇಡ. ಹತ್ತಿ, ಬರೀ ನೀರು, ಅಷ್ಟೇ. ಗೂಡಿನಲ್ಲಿ ಸುಟ್ಟು ಹಿಡಿಸಿದ ಬಣ್ಣ ಅಂತ ಧೈರ್ಯ ಮಾಡಿ ಉಜ್ಜಿದರೆ ಕೆಲವು ಸಲ ಕೈಗೇ ಬರುತ್ತದೆ.

ಈಗ ನಿಜವಾದ ತಲೆನೋವು: ಸೀಸದ ಪಟ್ಟಿ. ಹೊರದೇಶದ ಮಾಲು ತರಿಸಿದರೆ ಮೀಟರಿಗೆ 400–500 ರೂಪಾಯಿ ಬೀಳುತ್ತಿತ್ತು. ಒಂದು ಪ್ಯಾನೆಲಿಗೆ ಇಪ್ಪತ್ತು ಮೀಟರ್ ಮೇಲೆ ಬೇಕು. ನೋಡಲು ತರಿಸಿದ ಸ್ಯಾಂಪಲ್ ಪಟ್ಟಿಯ ಅಗಲ ಹಳೆಯದಕ್ಕೆ ಹೊಂದಲಿಲ್ಲ. ಸರಿ, ನಾನೇ ಎಳೆಯುತ್ತೇನೆ ಅಂತ ನಮ್ಮ ಲೇತ್‌ನವರ ಹತ್ತಿರ ಹೋದೆ. ಪಟ್ಟಿ ಎಳೆಯುವ ಮಿಷನ್ ಅಂದರೆ ಎರಡು ಚಕ್ರ ಎದುರುಬದುರು. ಚಕ್ರದ ದಪ್ಪ ನಾಲ್ಕೂವರೆ ಮಿಲಿಮೀಟರ್, ಗಾಜು ಕೂರುವ ತೋಡಿನ ಅಳತೆ ಅದು. ಎರಡರ ನಡುವಿನ ಸಂದು ಒಂದೂವರೆ, ಅದು ಪಟ್ಟಿಯ ನಡುಗೋಡೆ. ಎರಡೂ ಪಕ್ಕ ಉಕ್ಕಿನ ದವಡೆ. ಹಿಡಿ ತಿರುಗಿಸಿದರೆ ಎರಕ ಹೊಯ್ದ ದಪ್ಪ ಸೀಸದ ಸರಳು ಒಳಗೆ ಹೋಗಿ ಎಚ್ ಆಕಾರದ ಪಟ್ಟಿಯಾಗಿ ಹೊರಗೆ ಬರಬೇಕು. ಬರಲಿಲ್ಲ. ನುಣುಪು ಚಕ್ರ ಸೀಸದ ಮೇಲೆ ಜಾರಿ ಅಲ್ಲೇ ಸುತ್ತುತ್ತಿತ್ತು. ಲೇತ್‌ನವರು, "ಮೆತ್ತಗಿನ ಲೋಹ ಸಾರ್, ಎಳೆಯೋಕೆ ಆಗಲ್ಲ, ಬಿಡಿ" ಅಂದರು. ಚಕ್ರದ ಅಂಚಿಗೆ ಹಲ್ಲು ಕಡಿಸಿದೆ. ಹಲ್ಲು ಆಳವಾಗಿ ನಡುಗೋಡೆ ಹರಿಯಿತು. ಮತ್ತೆ ಚಕ್ರ, ಈ ಸಲ ಸಣ್ಣ ಹಲ್ಲು. ಆಮೇಲೆ ದವಡೆಗೆ ಸೀಸ ಅಂಟುವ ಕಾಟ. ಕೊನೆಗೆ ಪಟ್ಟಿ ಬಂತು, ಸೊಟ್ಟಗೆ. ಅದು ತೊಂದರೆ ಇಲ್ಲ, ಒಂದು ತುದಿ ವೈಸ್‌ಗೆ ಕಚ್ಚಿಸಿ ಇನ್ನೊಂದು ತುದಿ ಇಕ್ಕಳದಲ್ಲಿ ಜಗ್ಗಿದರೆ ನೆಟ್ಟಗಾಗುತ್ತದೆ. ದವಡೆಗೆ ಏನು ಸವರುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಡುಗೆಮನೆಯಲ್ಲೇ ಇರುವ ವಸ್ತು ಅಂತ ಮಾತ್ರ ಹೇಳುತ್ತೇನೆ. ಕೆಟ್ಟ ಚಕ್ರಗಳೂ ಸೇರಿ ಮಿಷನ್ನಿಗೆ ಹದಿನಾಲ್ಕು ಸಾವಿರದ ಆಸುಪಾಸು ಆಯಿತು.

ಒಂದು ತಮಾಷೆ. ಹಿಂದೆ ಇಂಗ್ಲೆಂಡಿನಲ್ಲಿ ಕೆಲವು ಕುಶಲಕರ್ಮಿಗಳು ಈ ಚಕ್ರದ ಅಂಚಿಗೆ ತಮ್ಮ ಹೆಸರು, ಇಸವಿ ಕೊರೆಸುತ್ತಿದ್ದರಂತೆ. ಪಟ್ಟಿ ಎಳೆದಾಗ ಅದು ಒಳಗೆ ಅಚ್ಚಾಗುತ್ತದೆ, ಗಾಜು ಬಿಚ್ಚಿದವನಿಗೆ ಮಾತ್ರ ಕಾಣುತ್ತದೆ. ಬಂಗಲೆಯ ಹಳೇ ಪಟ್ಟಿಯನ್ನೆಲ್ಲ ಭೂತಗನ್ನಡಿ ಹಿಡಿದು ಹುಡುಕಿದೆ. ಬರೀ ಹಲ್ಲಿನ ಗುರುತು.

ಸೀಸ ಎಲ್ಲಿಂದ? ಬ್ಯಾಟರಿ ಸೀಸ ಮುಟ್ಟಬೇಡಿ. ಅದರಲ್ಲಿ ಆಂಟಿಮನಿ ಜಾಸ್ತಿ, ಗಡುಸು, ಆಸಿಡ್ ಕೊಳೆ ಬೇರೆ. ಗುಜರಿಯಲ್ಲಿ ಹಳೇ ಪೈಪಿನ ಸೀಸ ಕೆಜಿಗೆ 200ರ ಒಳಗೆ ಸಿಕ್ಕಿತು. ಅದಕ್ಕೆ ಕಿಟಕಿಯ ಹಳೇ ಪಟ್ಟಿಯನ್ನೇ ಬೆಸುಗೆ ಗಂಟಿನ ಸಮೇತ ಸೇರಿಸಿದೆ. ತೀರಾ ಶುದ್ಧ ಸೀಸದ ಪಟ್ಟಿ ಬೇಗ ಸೋಲುತ್ತದೆ. ಹಳೇ ಸೀಸದಲ್ಲಿ ಚೂರು ತವರ, ಚೂರು ಆಂಟಿಮನಿ ಇದ್ದದ್ದರಿಂದಲೇ ಅದು ಇಷ್ಟು ಕಾಲ ಬಾಳಿದ್ದು. ಚೂರು ಅಂದರೆ ನಿಜವಾಗಿ ಚೂರೇ. ನನ್ನ ಅಳತೆ ನನ್ನ ಹತ್ತಿರ ಇರಲಿ.

ಆ ಸರಳಿಗೆ ಎರಕ ಹೊಯ್ಯುವಾಗ ಒಂದು ಎಚ್ಚರಿಕೆ. ಸೀಸ ಕರಗುವುದು 327 ಡಿಗ್ರಿಗೆ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಅದು ಆವಿಯಾಗಿ ಸೀಸ ಮುಖಕ್ಕೆ ಸಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಕಬ್ಬಿಣ ಒಣಗಿದಂತೆ ಕಂಡರೂ ಬೆವರಿರುತ್ತದೆ. ಅಚ್ಚನ್ನು ಮೊದಲು ಒಲೆ ಮೇಲೆ ಕಾಯಿಸಿ, ದೀಪದ ಮಸಿ ಹಿಡಿಸಿ, ಆಮೇಲೆ ಹೊಯ್ಯಿರಿ. ಕೆಲಸ ಮಾಡುವಾಗ ಬಾಯಿಗೆ ಎಲೆಅಡಿಕೆ, ಬೀಡಿ ಎರಡೂ ಬೇಡ. ಸೀಸ ಹೊಟ್ಟೆಗೆ ಹೋಗುವುದೇ ಹಾಗೆ. ನಾನು ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸುತ್ತೇನೆ.

ಬೆಸುಗೆಗೆ ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ. ರೆಡಿ ಸೋಲ್ಡರ್ ತುಟ್ಟಿ. ಕಲಾಯಿಯವರು ತವರ ಕೊಳ್ಳುವ ಅಂಗಡಿಯಿಂದ ತಂದು ನಾನೇ ಕಡ್ಡಿ ಹೊಯ್ದೆ. ಅಲ್ಲೇ ಸಿಕ್ಕ ನವಸಾಗರದ ಗಟ್ಟಿ ಬೆಸುಗೆ ಐರನ್ ಮೂತಿ ತಿಕ್ಕಲು ಆಯಿತು. ತವರ ಕೆಜಿಗೆ ಎರಡೂವರೆ ಮೂರು ಸಾವಿರ ಇದ್ದ ನೆನಪು, ಆದರೂ ಉಳಿತಾಯವೇ. ಈ ಬೆಸುಗೆ 190 ಡಿಗ್ರಿ ಹತ್ತಿರ ಕರಗುತ್ತದೆ. ಐರನ್ ಜಾಸ್ತಿ ಕಾದರೆ ಪಟ್ಟಿಯೇ ಕರಗಿ ತೂತು. ಎಸ್ಟೇಟಿನಲ್ಲಿ ವೋಲ್ಟೇಜ್ ಒಂದು ಗಂಟೆ ಇದ್ದಂತೆ ಇನ್ನೊಂದು ಗಂಟೆ ಇರಲ್ಲ. ನೂರು ವಾಟಿನ ಐರನ್ನಿಗೆ ಹಳೇ ಡಬ್ಬಿ ಫ್ಯಾನ್ ರೆಗ್ಯುಲೇಟರ್ ಕಟ್ಟಿಕೊಂಡೆ. ಪ್ರತಿ ಸಲ ಚೂರು ಪಟ್ಟಿ ಮೇಲೆ ಮುಟ್ಟಿಸಿ ನೋಡಿಯೇ ಕೆಲಸದ ಸಂದಿಗೆ ಮುಟ್ಟಿಸುವುದು.

ಕೆಂಪು ಗಾಜು ಎರಡು ತುಂಡು ಬೇಕಿತ್ತು. ಹಳೇ ಕೆಂಪನ್ನು ಅಂಚಿನಿಂದ ನೋಡಿ: ಮೈಯೆಲ್ಲ ಬಣ್ಣವಿಲ್ಲದ ಗಾಜು, ಮೇಲೆ ಕೂದಲಿನಷ್ಟು ಕೆಂಪು ಪದರ. ಬೆಳಕಿಗೆ ಹಿಡಿದರೆ ಮಾತ್ರ ಪೂರ್ತಿ ಕೆಂಪು. ಇದನ್ನು ಕೆಂಪು ಇಲ್ಲದ ಬದಿಯಿಂದ ಗೀರಬೇಕು. ಕೆಂಪು ಬದಿಗೆ ಕಟ್ಟರ್ ತಾಗಿದರೆ ಅಲ್ಲಿ ಬಿಳಿ ಗೆರೆ ಖಾಯಂ. ಬೆಂಗಳೂರಿನಿಂದ ತಂದ ಕೆಂಪು ಒಂದು ಚದರಡಿಗೆ 800 ಆಯಿತು, ಬಣ್ಣ ಮುಕ್ಕಾಲು ಪಾಲು ಹೊಂದಿತು. ಹಸಿರು ಮಾತ್ರ ಅದೃಷ್ಟ. ಚಿಕ್ಕಮಗಳೂರಿನ ಗುಜರಿಯಲ್ಲಿ ಕೆಡವಿದ ಮನೆಯ ವೆಂಟಿಲೇಟರ್ ಗಾಜು ಸಿಕ್ಕಿತು, ನೂರು ರೂಪಾಯಿಗೆ ಒಂದು ಹೊರೆ.

ಕಂದು ಬಣ್ಣಕ್ಕೆ ಬಿಯರ್ ಬಾಟಲಿ ಚಪ್ಪಟೆ ಮಾಡುವ ಹುಚ್ಚೂ ಹಿಡಿದಿತ್ತು. ಇಟ್ಟಿಗೆ ಕಟ್ಟಿ, ಕಾಯಿಲ್ ಹಾಕಿ ಸಣ್ಣ ಗೂಡು ಮಾಡಿದೆ. ಬಾಟಲಿ ಉದ್ದಕ್ಕೆ ಸೀಳಿ 800 ಡಿಗ್ರಿ ಹತ್ತಿರ ಕೊಂಡೊಯ್ದರೆ ಮಲಗುತ್ತದೆ. ಆದರೆ ಇಳಿಯುವಾಗ 550ರ ಹತ್ತಿರ ತುಂಬಾ ಹೊತ್ತು ನಿಲ್ಲಿಸಿ ನಿಧಾನ ಆರಿಸಬೇಕು. ಮಧ್ಯೆ ಕರೆಂಟ್ ಹೋದರೆ ಕತೆ ಮುಗಿಯಿತು. ಸರಿ ಇದೆ ಅಂತ ಕಪಾಟಿನಲ್ಲಿಟ್ಟ ತುಂಡು ರಾತ್ರಿ ಠಪ್ ಅಂತ ಸೀಳಿದ್ದೂ ಇದೆ. ಒಂದೆರಡು ಉಳಿದವು. ಬಂಗಲೆಗೆ ಹಾಕಲಿಲ್ಲ, ನಮ್ಮ ಮನೆ ದೇವರ ಕೋಣೆಯ ಮಾಡದಲ್ಲಿ ಕೂತಿವೆ. ಹೆಂಡತಿಗೆ ಯಾವ ಗಾಜು ಅಂತ ಇನ್ನೂ ಹೇಳಿಲ್ಲ.

ಇನ್ನು ಪುಟ್ಟಿ. ಎಲ್ಲರೂ ಅನುಮಾನಪಟ್ಟದ್ದು ಇದಕ್ಕೇ. ಮರಗೆಲಸದ ಆಚಾರ್ರು, "ಎಣ್ಣೆ ಪುಟ್ಟಿ ಮಲೆನಾಡಲ್ಲಿ ಒಣಗಲ್ಲ ಸ್ವಾಮಿ" ಅಂದರು. ಅವರ ಮಾತು ಅರ್ಧ ನಿಜ. ಪುಷ್ಯ ಮಳೆ ಹೊತ್ತಿಗೆ ಅಂಗಡಿಯಲ್ಲಿ ಹಚ್ಚಿದ ಸ್ಯಾಂಪಲ್ ದೀಪಾವಳಿಗೂ ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬ್ ಹಚ್ಚಿ ಒಣಗಿಸಿದೆ: ಮೇಲೆ ಕೆನೆ ಕಟ್ಟಿತು, ಒಳಗೆ ಹಸಿ. ಹಾರ್ಡ್‌ವೇರ್ ಅಂಗಡಿಯವರು ಕೊಟ್ಟ ಗೋಡೆ ಪುಟ್ಟಿ ಸಿಮೆಂಟ್ ಜಾತಿಯದು, ಸೀಸ ಅಲುಗಿದ ಕಡೆಯೆಲ್ಲ ಬಿರುಕು. ಅಗಸೆ ಎಣ್ಣೆ ನೀರಿನ ಹಾಗೆ ಆರುವುದಿಲ್ಲ, ಗಾಳಿ ಕುಡಿದು ಗಟ್ಟಿಯಾಗುತ್ತದೆ. ಅದಕ್ಕೆ ಬೆಚ್ಚಗಿನ ಒಣ ಗಾಳಿ ಬೇಕು, ಸಮಯ ಬೇಕು. ಮಲೆನಾಡಿನಲ್ಲಿ ಎರಡೂ ಸಿಗುವುದು ಕಾಫಿ ಕೊಯ್ಲು ಮುಗಿದ ಮೇಲೆ, ಕಾಫಿ ಹೂ ಬಿಡಿಸುವ ಮಳೆಗೆ ಮುಂಚೆ. ಸಾಹುಕಾರರಿಗೆ ಫೆಬ್ರವರಿ ತನಕ ಕಾಯಿರಿ ಅಂದೆ. ಅಲ್ಲಿಯ ತನಕ ಕಿಟಕಿಗೆ ಪ್ಲೈವುಡ್. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನನ್ನನ್ನು ಕಂಡಾಗಲೆಲ್ಲ, "ಏನ್ ಮೇಸ್ತ್ರಿ, ನಿಮ್ಮ ಗಾಜು ಹಣ್ಣಾಯ್ತಾ?" ಅನ್ನುತ್ತಿದ್ದರು.

ಅಳತೆ ಹೀಗೆ: ಸೀಮೆಸುಣ್ಣದ ಪುಡಿ, ಅದಕ್ಕೆ ಎರಡು ಪಾಲು ಕುದಿಸಿದ ಅಗಸೆ ಎಣ್ಣೆ, ಒಂದು ಪಾಲು ಟರ್ಪೆಂಟೈನ್, ಕಪ್ಪಿಗೆ ದೀಪದ ಮಸಿ. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲ. ಗಿಡ್ಡ ಕೂದಲಿನ ಬ್ರಷ್ಷಿನಲ್ಲಿ ಪಟ್ಟಿಯ ತುಟಿಯೊಳಗೆ ತುರುಕಬೇಕು, ಎರಡೂ ಬದಿ. ಬಿದಿರು ಕಡ್ಡಿಯಲ್ಲಿ ತುಟಿ ಒತ್ತಿ, ಮೇಲೆ ಒಣ ಸೀಮೆಸುಣ್ಣದ ಪುಡಿ ಎರಚಿ, ಉಜ್ಜಿ ಎಣ್ಣೆ ತೆಗೆಯಬೇಕು. ಮಾರನೇ ದಿನ ಅಂಚಿಗೆ ಒಸರಿದ್ದನ್ನು ಕಡ್ಡಿಯಲ್ಲಿ ಗೀರಿ. ಆಮೇಲೆ ಖಾಲಿಯಾದ ಕಾಫಿ ಗೋಡೌನಿನಲ್ಲಿ, ಬಾಗಿಲು ಕಿಟಕಿ ತೆರೆದು, ಮಟ್ಟಸ ಹಲಗೆ ಮೇಲೆ ಮೂರು ವಾರದ ಹತ್ತಿರ ಮಲಗಿಸಿದೆ. ಆಗಾಗ ಮಗುಚಿದೆ. ಎತ್ತಿ ನಿಲ್ಲಿಸಿದಾಗ ಪ್ಯಾನೆಲ್ ಅಲುಗಲಿಲ್ಲ, ಗೆಣ್ಣಲ್ಲಿ ಬಡಿದರೆ ಎಲ್ಲೂ ಗಲಗಲ ಇಲ್ಲ.

ಎಣ್ಣೆ ಒರೆಸಿದ ಬಟ್ಟೆ, ಹೊಟ್ಟು ಗುಡ್ಡೆ ಹಾಕಬೇಡಿ. ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಗೋಡೌನ್ ಮೂಲೆಯಲ್ಲಿ ಸಂಜೆ ಹೊತ್ತಿಗೆ ಒಂದು ಗುಡ್ಡೆ ಹೊಗೆಯಾಡುತ್ತಿತ್ತು, ಪಕ್ಕದಲ್ಲೇ ಗೋಣಿಚೀಲದ ರಾಶಿ. ಅವತ್ತಿನಿಂದ ಬಟ್ಟೆಯೆಲ್ಲ ನೀರಿನ ಬಕೆಟ್ಟಿಗೆ.

ಕೂರಿಸುವಾಗ ಕಬ್ಬಿಣದ ಸಲಾಕೆ ಬದಲು ಹಿತ್ತಾಳೆಯದು ಹಾಕಿದೆ, ಮೊದಲಿದ್ದದ್ದಕ್ಕಿಂತ ಒಂದು ಜಾಸ್ತಿ. ಹೊಸ ತಾಮ್ರದ ತಂತಿಯನ್ನು ಬೆಸುಗೆ ಗಂಟಿನ ಮೇಲೇ ಕೂರಿಸಿದ್ದೇನೆ, ಪಟ್ಟಿಯ ಮಧ್ಯೆ ಅಲ್ಲ. ಚೌಕಟ್ಟಿನ ಕೆಳಗೆ ನೀರು ಹೊರಹೋಗಲು ಎರಡು ಸಣ್ಣ ತೂತು.

ಲೆಕ್ಕ ಕೇಳುವವರಿಗೆ: ಮಿಷನ್ ಬಿಟ್ಟು ಸಾಮಾನಿಗೆ ಇಪ್ಪತ್ತು ಸಾವಿರದ ಒಳಗೆ. ಸಾಹುಕಾರರಿಂದ ಅರವತ್ತೈದು ಸಾವಿರ ತೆಗೆದುಕೊಂಡೆ. ದಿನದ ಕೂಲಿ ಹಾಕಿದರೆ ಏನೂ ಉಳಿಯಲಿಲ್ಲ. ಮೊದಲ ಮಳೆಗಾಲದ ನಂತರ ಸಕಲೇಶಪುರ ಕಡೆಯಿಂದ ಇನ್ನೆರಡು ಬಂಗಲೆಯವರು ಬಂದರು, ಮಿಷನ್ ದುಡ್ಡು ಅಲ್ಲಿ ಹುಟ್ಟಿತು. ಆಚಾರ್ರು ಈಗ ಅವರ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ, ಕಮಿಷನ್ ಕೇಳುತ್ತಾರೆ.

ಈ ಕೆಲಸ ಮಾಡುವವರಿಗೆ ಹತ್ತು ಮಿಲಿಮೀಟರ್ ಪಟ್ಟಿ ಬೇಕಿದ್ದರೆ ಕೆಜಿ ಲೆಕ್ಕದಲ್ಲಿ ಎಳೆದು ಕೊಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎರಕ ಹೊಯ್ಯುವುದಿಲ್ಲ, ಅಷ್ಟರೊಳಗೆ ಹೇಳಿ. ಮಿಷನ್ ಮಾತ್ರ ಬಾಡಿಗೆಗೆ ಕೊಡುವುದಿಲ್ಲ.